ಗಾಡಿ ಮಾತು: ನಾಲ್ಕು ಸಿಲಿಂಡರಿನ ಹಳೆಯ ಜಪಾನಿಗಳು

ಹೋದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರ ಕೊಡುವಾಗ ಸುಮ್ನೆ ಒಂದು ಸಾಲು ಬರೆದಿದ್ದೆ: "ಹಳೆಯ ಜಪಾನಿ ಫೋರ್‌ಗಳಲ್ಲಿ ಇಂಜಿನ್ ಸಾಯುವುದು ಅಪರೂಪ, ಸಾಯುವುದು ಅದರ ಸುತ್ತ ಇರುವ ರಬ್ಬರು." ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಕೆಲವರು ಒಪ್ಪಿದ್ದಾರೆ. ಕೆಲವರು ಬೈದಿದ್ದಾರೆ. ಒಬ್ಬರು ಮಾತೇ ಆಡದೆ ಮುರಿದ ಗೇರಿನ ಫೋಟೋ ಕಳಿಸಿದ್ದಾರೆ. ಅವರಿಗೆ ಕೊನೆಯಲ್ಲಿ ಉತ್ತರ ಇದೆ. ಈ ಸಲ ಪುಟ ಪೂರ್ತಿ ಈ ಫೋರ್‌ಗಳಿಗೇ, ಅಂದರೆ ನಾಲ್ಕು ಸಿಲಿಂಡರಿನ ಜಪಾನಿ ಬೈಕುಗಳಿಗೇ.

ಪ್ರಶ್ನೆ: ಸರ್, 1976ರ ಹೋಂಡಾ ಸಿಬಿ750 ಒಂದು ಮಾರಾಟಕ್ಕಿದೆ. ನೋಡಿದಾಗಿನಿಂದ ನಿದ್ದೆ ಇಲ್ಲ. ಆದರೆ "ಸಿಲಿಂಡರ್ ಜಾಸ್ತಿ ಆದಷ್ಟೂ ಕೆಡೋ ಸಾಮಾನೂ ಜಾಸ್ತಿ" ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ಇಷ್ಟು ಹಳೆಯ ಗಾಡಿಯನ್ನು ನಂಬಬಹುದಾ?

ಉತ್ತರ: ನಿಮ್ಮ ಗೆಳೆಯರ ಲೆಕ್ಕ ಅರ್ಧ ಸರಿ. ಮೊದಲು ತಪ್ಪಿರುವ ಅರ್ಧ ಹೇಳುತ್ತೇನೆ.

750 ಸಿಸಿಯ ಕೆಲಸವನ್ನು ಎರಡು ದೊಡ್ಡ ಪಿಸ್ಟನ್‌ಗಳ ಮೇಲೆ ಹೊರಿಸಿದರೆ ಒಂದೊಂದು ಹೊಡೆತವೂ ಸುತ್ತಿಗೆ ಏಟಿನ ಹಾಗೆ ಬೇರಿಂಗ್ ಮೇಲೆ ಬೀಳುತ್ತದೆ. ಅದನ್ನೇ ನಾಲ್ಕಕ್ಕೆ ಹಂಚಿದರೆ ಏಟು ಚಿಕ್ಕದಾಗುತ್ತದೆ, ಪಿಸ್ಟನ್ ಹಗುರವಾಗುತ್ತದೆ, ಇಂಜಿನ್ ಏದುಸಿರು ಬಿಡದೆ ಜೋರಾಗಿ ತಿರುಗುತ್ತದೆ. ಹೋಂಡಾದವರು 1968ರ ಅಕ್ಟೋಬರಿನಲ್ಲಿ ಟೋಕಿಯೊ ಮೋಟರ್ ಶೋನಲ್ಲಿ ಈ ಗಾಡಿಯನ್ನು ಇಟ್ಟಾಗ ಜನ ಕಣ್ಣರಳಿಸಿದ್ದು ನಾಲ್ಕು ಸೈಲೆನ್ಸರಿಗೆ, 67 ಹಾರ್ಸ್‌ಪವರಿಗೆ, ಮುಂದಿನ ಚಕ್ರದ ಡಿಸ್ಕ್ ಬ್ರೇಕಿಗೆ. ಸ್ಪ್ಯಾನರ್ ಹಿಡಿಯುವ ನನ್ನಂಥವನು ಮೆಚ್ಚುವುದು ಬೇರೆಯದನ್ನು. ಇಂಜಿನ್ ಕೇಸನ್ನು ಅವರು ಅಡ್ಡಡ್ಡಕ್ಕೆ ಸೀಳಿದ್ದರು. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಕೇಸು ಉದ್ದುದ್ದಕ್ಕೆ ಎರಡು ಹೋಳು. ಜೋಡಣೆಯ ಗೆರೆ ತಳದವರೆಗೂ ಇಳಿಯುತ್ತಿತ್ತು, ಆಯಿಲ್ ಅಲ್ಲಿಂದಲೇ ದಾರಿ ಮಾಡಿಕೊಳ್ಳುತ್ತಿತ್ತು. ಅಡ್ಡಕ್ಕೆ ಸೀಳಿದರೆ ಗೆರೆ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡ) ಎತ್ತರಕ್ಕೆ ಬರುತ್ತದೆ, ಆಯಿಲ್ ಅದರ ಕೆಳಗೇ ಉಳಿಯುತ್ತದೆ. ಗಾಡಿ ನಿಲ್ಲಿಸಿದ ಜಾಗದಲ್ಲಿ ನೆಲ ಒಣಗಿರುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಎಷ್ಟು ಜನ ಈ ಕಡೆ ಬಂದರು ಅಂತ ಹಳಬರಿಗೆ ಗೊತ್ತು.

ಅಮೆರಿಕದ 1970ರ ಡೇಟೋನಾ 200 ರೇಸನ್ನು ಡಿಕ್ ಮ್ಯಾನ್ ಇದೇ ಜಾತಿಯ ಇಂಜಿನ್ನಿನಲ್ಲಿ ಗೆದ್ದದ್ದನ್ನು ಮಾರುವವರು ಹೇಳಿಯೇ ಹೇಳುತ್ತಾರೆ. ಕೇಳಿಸಿಕೊಂಡು ಬಿಡಿ. ಆ ದಿನ ಓಡಿದ ನಾಲ್ಕು ಹೋಂಡಾಗಳಲ್ಲಿ ಕೊನೆ ಮುಟ್ಟಿದ್ದು ಅದೊಂದೇ. ರೇಸ್ ಗೆಲುವಿಗೂ ನಿಮ್ಮ ಗಾಡಿಯ ಬಾಳಿಕೆಗೂ ಸಂಬಂಧ ಇಲ್ಲ.

ಈಗ ಗೆಳೆಯರು ಸರಿ ಇರುವ ಅರ್ಧ. ಇಂಜಿನ್ನಿನ ಒಳಗಿನ ಕಬ್ಬಿಣ ಆಯಿಲಿನಲ್ಲಿ ಮುಳುಗಿಕೊಂಡು ಸುಖವಾಗಿರುತ್ತದೆ. ಹೊರಗಿನ ರಬ್ಬರಿಗೆ ಆ ಸುಖ ಇಲ್ಲ. ಕಾರ್ಬೊರೇಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ, ಕಾರ್ಬೊರೇಟರಿನೊಳಗಿನ ಓ-ರಿಂಗು, ಫೋರ್ಕಿನ ಸೀಲು, ಬ್ರೇಕ್ ಹೋಸು, ವೈರಿನ ಮೇಲಿನ ಹೊದಿಕೆ, ಪ್ಲಗ್ ಕ್ಯಾಪು, ಎಲ್ಲವೂ ಬಿಸಿಗೆ ಕಾದು, ತಣ್ಣಗಾಗಿ, ಮತ್ತೆ ಕಾದು ಬಿಸ್ಕತ್ತಿನ ಹಾಗೆ ಆಗಿರುತ್ತವೆ. ಒಂದು ಸಿಲಿಂಡರಿನ ಗಾಡಿಯಲ್ಲಿ ಇಂಥದ್ದು ಒಂದೊಂದು. ಇಲ್ಲಿ ನಾಲ್ಕು ನಾಲ್ಕು. ಹಾಗಾಗಿ ಈ ಗಾಡಿಯಲ್ಲಿ ನಾಲ್ಕರಷ್ಟು ಕೆಡುವುದು ಇಂಜಿನ್ ಅಲ್ಲ, ಮಾಲೀಕನ ಸೋಮಾರಿತನ.

ಸಿಬಿ750ಯಲ್ಲಿ ಒಂದು ಜಾಗ ಮಾತ್ರ ಬಗ್ಗಿ ನೋಡಲೇಬೇಕು. ಮೊದಮೊದಲ ಗಾಡಿಗಳಲ್ಲಿ ಚೈನ್ ತುಂಡಾಗಿ ಮುಂದಿನ ಸ್ಪ್ರಾಕೆಟ್ ಹಿಂದೆ ಗುಪ್ಪೆಯಾಗಿ ಇಂಜಿನ್ ಕೇಸನ್ನೇ ಒಡೆದ ಉದಾಹರಣೆಗಳು ಬಹಳ. ನಿಮ್ಮದು 1976ರದ್ದು, ಆದರೂ ಸ್ಪ್ರಾಕೆಟ್ ಕವರ್ ಬಿಚ್ಚಿಸಿ ಅಲ್ಲಿ ವೆಲ್ಡಿಂಗ್ ಗುರುತು ಇದೆಯಾ ನೋಡಿ. ಕವರ್ ಬಿಚ್ಚಲು ಮಾಲೀಕ ಒಪ್ಪದಿದ್ದರೆ ಅದೇ ಉತ್ತರ.

ಕೊನೆಗೆ ಕೇಳಬೇಕಾದ ಪ್ರಶ್ನೆ ಒಂದೇ: ಹೋದ ತಿಂಗಳು ಈ ಗಾಡಿಯಲ್ಲಿ ಎಲ್ಲಿಗೆ ಹೋಗಿದ್ದಿರಿ? "ಅಲ್ಲಿಗೆ ಹೋಗಿದ್ದೆ, ದಾರಿಯಲ್ಲಿ ಮಳೆ ಬಂತು" ಅಂದರೆ ತೆಗೆದುಕೊಳ್ಳಿ. "ಬಟ್ಟೆ ಹೊದಿಸಿ ಜೋಪಾನವಾಗಿ ಇಟ್ಟಿದ್ದೇನೆ" ಅಂದರೆ ಹುಷಾರು.

ಪ್ರಶ್ನೆ: ಗಾಡಿ ನೋಡಲು ಹೋದಾಗ ಒಂದು ಗಂಟೆ ಸಮಯ ಸಿಗುತ್ತದೆ. ಇಂಜಿನ್ ಬಿಚ್ಚುವಂತಿಲ್ಲ. ಅಷ್ಟರಲ್ಲಿ ಒಳಗಿನ ಸ್ಥಿತಿ ತಿಳಿಯುವುದು ಹೇಗೆ? ನನ್ನ ಹತ್ತಿರ ಒಂದು ಮಲ್ಟಿಮೀಟರ್ ಬಿಟ್ಟರೆ ಬೇರೇನೂ ಇಲ್ಲ.

ಉತ್ತರ: ಮಲ್ಟಿಮೀಟರ್ ಇದ್ದರೆ ಸಾಕು. ಜತೆಗೆ ಒಂದು ಟಾರ್ಚು, ಒಂದು ಸಣ್ಣ ಬಾಟಲಿ ನೀರು.

ಹೊರಡುವ ಮೊದಲೇ ಫೋನ್ ಮಾಡಿ, "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ಹೋದ ತಕ್ಷಣ, ನಮಸ್ಕಾರ ಹೇಳುವುದಕ್ಕೂ ಮುಂಚೆ, ಇಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಅವರು ನಿಮ್ಮಿಂದ ಏನೋ ಮುಚ್ಚಿಟ್ಟಿದ್ದಾರೆ. ಬಿಸಿ ಇಂಜಿನ್ ಯಾರು ಬೇಕಾದರೂ ಸ್ಟಾರ್ಟ್ ಮಾಡುತ್ತಾರೆ. ರಾತ್ರಿಯೆಲ್ಲ ತಣ್ಣಗೆ ನಿಂತ ಇಂಜಿನ್ ಮಾತ್ರ ನಿಜ ಹೇಳುತ್ತದೆ.

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಕಡ್ಡಿ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಕಾಕ್ ಸೋರಿ, ಕಾರ್ಬೊರೇಟರ್ ತುಂಬಿ, ಸಿಲಿಂಡರ್ ಮೂಲಕ ಆಯಿಲಿಗೆ ಇಳಿದಿದೆ ಅಂತ. ಹಾಗೆಯೇ ಓಡಿಸಿದರೆ ಬೇರಿಂಗ್ ತಿನ್ನುವುದು ಖಂಡಿತ. ಅದಕ್ಕಿಂತ ಕೆಟ್ಟದ್ದು ಅಂದರೆ, ಒಂದು ಸಿಲಿಂಡರ್ ಪೆಟ್ರೋಲಿನಿಂದ ತುಂಬಿರುವಾಗ ಸೆಲ್ಫ್ ಒತ್ತಿದರೆ ಕನೆಕ್ಟಿಂಗ್ ರಾಡೇ ಬಾಗಬಹುದು. ಪೆಟ್ರೋಲ್ ಒತ್ತಿದರೆ ಕುಗ್ಗುವ ಸಾಮಾನಲ್ಲ.

ಆಮೇಲೆ ಚೋಕ್ ಎಳೆದು ಸ್ಟಾರ್ಟ್ ಮಾಡಿಸಿ. ಅರ್ಧ ನಿಮಿಷಕ್ಕೆಲ್ಲ ನಾಲ್ಕು ಪೈಪುಗಳ ಮೇಲೂ, ಇಂಜಿನ್ ಹತ್ತಿರದ ಭಾಗಕ್ಕೆ, ಎರಡೆರಡು ಹನಿ ನೀರು ಹಾಕಿ. ಮೂರರಲ್ಲಿ ಚುಂಯ್ ಅಂತ ಆವಿಯಾಗಿ ಒಂದರಲ್ಲಿ ಹನಿ ಸುಮ್ಮನೆ ಜಾರಿದರೆ ಆ ಸಿಲಿಂಡರ್ ಕೆಲಸಕ್ಕೆ ಬಂದಿಲ್ಲ. ಬೆರಳಿನಿಂದ ಮುಟ್ಟಿ ನೋಡುವ ಚಟ ಬೇಡ. ನನ್ನ ಬಲಗೈ ತೋರುಬೆರಳಿನ ತುದಿಯಲ್ಲಿ ಗೆರೆಯೇ ಇಲ್ಲ, ಈ ಚಟದಿಂದ.

ಇನ್ನು ಕಿವಿಯ ಕೆಲಸ. ಐಡ್ಲಿಂಗಿನಲ್ಲಿ ಬಲಗಡೆಯಿಂದ ಗಡಗಡ ಸದ್ದು ಬರುತ್ತದೆ, ಕ್ಲಚ್ ಹಿಡಿದರೆ ನಿಲ್ಲುತ್ತದೆ ಅಂದುಕೊಳ್ಳಿ. ಹೊಸಬರು ಕ್ರ್ಯಾಂಕ್ ಹೋಯಿತು ಅಂತ ಹೆದರುತ್ತಾರೆ. ಬಹುಪಾಲು ಸಲ ಅದು ಕ್ಲಚ್ ಬಾಸ್ಕೆಟ್ ಅಲ್ಲಾಡುವ ಸದ್ದು, ನಾಲ್ಕು ಕಾರ್ಬೊರೇಟರುಗಳ ತಾಳ ತಪ್ಪಿದಾಗ ಜಾಸ್ತಿಯಾಗುತ್ತದೆ. ವ್ಯಾಕ್ಯೂಮ್ ಗೇಜ್ ಹಾಕಿ ನಾಲ್ಕನ್ನೂ ಸಮ ಮಾಡಿದರೆ ಅರ್ಧ ಸದ್ದು ಮಾಯ. ಇಂಜಿನ್ನಿನ ಮಧ್ಯದಿಂದ ಸರಪಳಿ ಎಳೆದಂಥ ಸದ್ದು ಬಂದರೆ ಕ್ಯಾಮ್ ಚೈನ್ (ವಾಲ್ವ್ ತೆರೆಯುವ ಕ್ಯಾಮ್ ದಂಡವನ್ನು ತಿರುಗಿಸುವ ಚೈನು) ಅಥವಾ ಅದನ್ನು ಬಿಗಿಯಾಗಿಡುವ ಟೆನ್ಷನರ್. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಟ್ಯಾಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ವಿಷಯದಲ್ಲಿ ಒಂದು ಉಲ್ಟಾ ಮಾತಿದೆ. ಟಿಕ್ ಟಿಕ್ ಅನ್ನುವ ಟ್ಯಾಪೆಟ್‌ಗೆ ಜನ ಮೂಗು ಮುರಿಯುತ್ತಾರೆ. ನಾನು ಹೆದರುವುದು ಸದ್ದೇ ಇಲ್ಲದ ಟ್ಯಾಪೆಟ್‌ಗೆ. ಶಿಮ್ (ಕ್ಯಾಮ್ ಮತ್ತು ಟ್ಯಾಪೆಟ್ ನಡುವಿನ ಸಂದು ಹೊಂದಿಸುವ ತೆಳು ಬಿಲ್ಲೆ) ಹಾಕುವ ಇಂಜಿನ್ನುಗಳಲ್ಲಿ ವಾಲ್ವ್ ತನ್ನ ಸೀಟಿನೊಳಗೆ ಕುಳಿತುಕೊಳ್ಳುತ್ತಾ ಹೋದಂತೆ ಸಂದು ಕಡಿಮೆಯಾಗುತ್ತದೆ, ಜಾಸ್ತಿ ಆಗುವುದಿಲ್ಲ. ಸಂದು ಪೂರ್ತಿ ಮುಚ್ಚಿದರೆ ವಾಲ್ವ್ ಸರಿಯಾಗಿ ಕೂರುವುದಿಲ್ಲ, ಸುಡುತ್ತದೆ. ಅಲ್ಲಿಯವರೆಗೆ ಇಂಜಿನ್ ಹೊಲಿಗೆ ಯಂತ್ರದ ಹಾಗೆ ಸಣ್ಣಗೆ ಓಡುತ್ತಿರುತ್ತದೆ, ಮಾಲೀಕ ಅದನ್ನೇ ಹೊಗಳುತ್ತಿರುತ್ತಾನೆ. ಕೊನೆಯ ಸಲ ವಾಲ್ವ್ ಸಂದು ಅಳೆದದ್ದು ಯಾವಾಗ ಅಂತ ಕೇಳಿ. ಇಂಥ ಕಿಲೋಮೀಟರಿನಲ್ಲಿ ಅಂತ ಥಟ್ಟನೆ ಹೇಳಿದರೆ ಆ ಮನುಷ್ಯನ ಗಾಡಿ ತೆಗೆದುಕೊಳ್ಳಬಹುದು.

ಹೊಗೆ ನೋಡುವಾಗ ಯಾವಾಗ ಬರುತ್ತದೆ ಅನ್ನುವುದು ಮುಖ್ಯ. ಇಳಿಜಾರಿನಲ್ಲಿ ಆಕ್ಸಲರೇಟರ್ ಬಿಟ್ಟು ಇಳಿದು, ಮತ್ತೆ ಕೊಟ್ಟಾಗ ಒಂದು ಗುಕ್ಕು ನೀಲಿ ಹೊಗೆ ಬಂದರೆ ವಾಲ್ವ್ ಸೀಲು. ಅದೂ ರಬ್ಬರೇ, ನೋಡಿ! ಎಳೆಯುವಾಗ ಉದ್ದಕ್ಕೂ ಹೊಗೆ ಹಾಕುತ್ತಿದ್ದರೆ ರಿಂಗು, ಬೋರು. ಮೊದಲನೆಯದು ಸಹಿಸಬಹುದಾದ ಖರ್ಚು. ಎರಡನೆಯದು ನಾಲ್ಕರಿಂದ ಗುಣಿಸಬೇಕಾದ ಖರ್ಚು.

ಈಗ ಮಲ್ಟಿಮೀಟರ್. ಇಂಜಿನ್ ಆಫ್ ಇದ್ದಾಗ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 4,000ದಿಂದ 5,000 ಸುತ್ತಿಗೆ ರೇಸ್ ಮಾಡಿ ಹಿಡಿದಾಗ 13.5ರಿಂದ 14.5ರ ನಡುವೆ ಬರಬೇಕು. 12ರಲ್ಲೇ ನಿಂತರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೈಕೊಟ್ಟಿದೆ, ಬ್ಯಾಟರಿ ಕುದಿಯುತ್ತದೆ. ಈ ವಯಸ್ಸಿನ ಗಾಡಿಗಳು ದಾರಿ ಮಧ್ಯೆ ನಿಲ್ಲುವುದಕ್ಕೆ ಪಿಸ್ಟನ್ನಿಗಿಂತ ಕರೆಂಟೇ ಹೆಚ್ಚು ಸಲ ಕಾರಣ.

ಉಳಿದದ್ದು ಬೇಗ ಮುಗಿಯುತ್ತದೆ. ಟಾರ್ಚ್ ಹಾಕಿ ಟ್ಯಾಂಕಿನೊಳಗಿನ ತುಕ್ಕು ನೋಡಿ. ಮುಂದಿನ ಚಕ್ರ ಮೇಲೆತ್ತಿ ಹ್ಯಾಂಡಲನ್ನು ನಿಧಾನಕ್ಕೆ ತಿರುಗಿಸಿ, ನಟ್ಟ ನಡುವೆ ಹಳ್ಳಕ್ಕೆ ಬಿದ್ದಂತೆ ಕಚ್ಚಿದರೆ ಬೇರಿಂಗ್ ಹೋಗಿದೆ. ಟಯರಿನ ಬದಿಯ ನಾಲ್ಕು ಅಂಕಿ ಓದಿ: 2309 ಅಂದರೆ 2009ರ 23ನೇ ವಾರ. ಟಯರ್ ಮೇಲೆ ಗೆರೆ ಎಷ್ಟೇ ಆಳವಿರಲಿ, ಅಂಥದ್ದರಲ್ಲಿ ತಿರುವಿಗೆ ಹೋಗಬೇಡಿ. ಫ್ರೇಮ್ ನಂಬರ್, ಇಂಜಿನ್ ನಂಬರ್ ಕಾಗದಕ್ಕೆ ತಾಳೆಯಾಗಬೇಕು, ಇದನ್ನು ನಾನು ಹೇಳಬೇಕಾಗಿಲ್ಲ.

ಸೈಲೆನ್ಸರುಗಳನ್ನು ಮಾತ್ರ ತಟ್ಟಿ ನೋಡಿ. ಇವು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಹೊರಗೆ ಕನ್ನಡಿಯಂಥ ಕ್ರೋಮ್, ತಳದಲ್ಲಿ ಬೆರಳು ಹೋಗುವ ತೂತು. ಮೇಲೆ ಬಸಪ್ಪ, ಒಳಗೆ ವಿಷಪ್ಪ. ಕಂಪನಿಯದೇ ನಾಲ್ಕು ಸೈಲೆನ್ಸರ್ ಹುಡುಕುವುದು ಇಂಜಿನ್ ರಿಪೇರಿಗಿಂತ ಕಷ್ಟ.

ಪ್ರಶ್ನೆ: ಒಂದು 750 ಸಿಸಿ ಫೋರ್, ಮೀಟರಿನಲ್ಲಿ 18,000 ಕಿ.ಮೀ. ಮಾತ್ರ. ಆರು ವರ್ಷದಿಂದ ಶೆಡ್ಡಿನಲ್ಲಿದೆ. ಕಡಿಮೆ ಓಡಿದ್ದೇ ಒಳ್ಳೆಯದಲ್ವಾ?

ಉತ್ತರ: ಅಲ್ಲ. ನನ್ನದೇ ಕಥೆ ಕೇಳಿ.

ನನ್ನ ಹತ್ತಿರವೂ ಒಂದು 750 ಇತ್ತು. ಬೆನ್ನುನೋವು ಅಂತ ಎರಡು ವರ್ಷ ಮುಟ್ಟಲಿಲ್ಲ. ಟ್ಯಾಂಕಿನಲ್ಲಿ, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಗೇ ಬಿಟ್ಟಿದ್ದೆ. ಮೂವತ್ತು ವರ್ಷ ಬೇರೆಯವರಿಗೆ "ಪೆಟ್ರೋಲ್ ಇಳಿಸಿ ಇಡಿ" ಅಂತ ಬುದ್ಧಿ ಹೇಳಿದವನು ನಾನು. ಪೆಟ್ರೋಲ್ ಆರಿ ಅಂಟಾಯಿತು. ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ಟಿನ ತೂತು ಕೂದಲಿನಷ್ಟು ಸಣ್ಣದು, ಅದರಲ್ಲಿ ಅಂಟು ಕೂತಿತು. ಕಾರ್ಬೊರೇಟರುಗಳನ್ನು ಇಳಿಸಿ, ತೊಳೆದು, ಹಾಕಿದೆ. ಎರಡನೇ ಸಿಲಿಂಡರ್ ಏಳಲಿಲ್ಲ. ಮತ್ತೆ ಇಳಿಸಿದೆ. ಎರಡನೆಯದು ಎದ್ದಿತು, ನಾಲ್ಕನೆಯದರ ಫ್ಲೋಟ್ ವಾಲ್ವ್ ಸೋರತೊಡಗಿತು. ಮತ್ತೆ ಇಳಿಸಿದೆ. ಹೀಗೆ ಹನ್ನೊಂದು ಸಲ. ಲೆಕ್ಕ ಇಟ್ಟದ್ದು ನಾನಲ್ಲ, ನನ್ನ ಹೆಂಡತಿ. ಪ್ರತಿ ಸಲವೂ ಗಟ್ಟಿಯಾದ ಆ ರಬ್ಬರ್ ಕೊಳವೆಗಳ ಜತೆ ಕುಸ್ತಿ. ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತವೆ ಅಂತ ಹೊಳೆದದ್ದು ಒಂಬತ್ತನೇ ಸಲಕ್ಕೆ.

ಆ ಎರಡು ವರ್ಷದಲ್ಲಿ ಇಂಜಿನ್ನಿಗೆ ಏನೂ ಆಗಿರಲಿಲ್ಲ. ಕಂಪ್ರೆಶನ್ ನಾಲ್ಕರಲ್ಲೂ ಸರಿಸಮ ಇತ್ತು. ನಿಮ್ಮದು ಆರು ವರ್ಷ. ಕಾರ್ಬೊರೇಟರ್, ಬ್ರೇಕ್ ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್, ಎಲ್ಲ ರಬ್ಬರು, ಟಯರು, ಬ್ಯಾಟರಿ ಇಷ್ಟೂ ಹೊಸದು ಅಂತ ಇಟ್ಟುಕೊಂಡು ಬೆಲೆ ಮಾತಾಡಿ. ಸೆಲ್ಫ್ ಒತ್ತುವ ಮೊದಲು ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಒಂದು ಚಮಚ ಆಯಿಲ್ ಬಿಡಿ. ಒಂದು ರಾತ್ರಿ ಬಿಟ್ಟು ಕೈಯಿಂದಲೇ ಕ್ರ್ಯಾಂಕ್ ತಿರುಗಿಸಿ ನೋಡಿ.

ಪ್ರಶ್ನೆ: ನನ್ನ 650 ಫೋರ್ ಮಿಸ್ಸಿಂಗ್ ಹೊಡೆಯುತ್ತಿದೆ. ಎರಡು ಪೈಪು ಬಿಸಿ, ಎರಡು ತಣ್ಣಗೆ. ಒಬ್ಬ ಮೆಕ್ಯಾನಿಕ್ ಕಾರ್ಬೊರೇಟರ್ ಅಂದ, ಇನ್ನೊಬ್ಬ ವಾಲ್ವ್ ಅಂದ.

ಉತ್ತರ: ತಣ್ಣಗಿರುವುದು ಯಾವ ಎರಡು? ಅದನ್ನೇ ನೀವು ಬರೆದಿಲ್ಲ. ಕೂತವನ ಎಡಗಡೆಯಿಂದ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ಈ ಕಾಲದ ಫೋರ್‌ಗಳಲ್ಲಿ ಸಾಮಾನ್ಯವಾಗಿ ಇಗ್ನಿಷನ್ ಕಾಯಿಲ್ ಎರಡೇ. ಒಂದು ಕಾಯಿಲ್ 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ. ಜೋಡಿಯಾಗಿ 1-4 ಅಥವಾ 2-3 ಸತ್ತಿದ್ದರೆ ಇಬ್ಬರು ಮೆಕ್ಯಾನಿಕ್‌ಗಳೂ ತಪ್ಪು. ಆ ಜೋಡಿಯ ಕಾಯಿಲ್, ಪಾಯಿಂಟ್ ಅಥವಾ ವೈರ್ ನೋಡಿ. 1 ಮತ್ತು 2 ಹೀಗೆ ಜೋಡಿ ತಪ್ಪಿ ಸತ್ತಿದ್ದರೆ ಕರೆಂಟ್ ಬಿಟ್ಟು ಪೆಟ್ರೋಲ್ ಕಡೆ ತಿರುಗಿ.

ಪ್ರಶ್ನೆ: ಹೋಂಡಾ, ಕವಾಸಾಕಿ, ಸುಜುಕಿ, ಯಮಹಾ. ಹಳೆಯದರಲ್ಲಿ ಯಾವುದು ಗಟ್ಟಿ? ಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಡಬೇಡಿ, ಒಂದು ಹೆಸರು ಹೇಳಿ.

ಉತ್ತರ: ಸುಜುಕಿ ಜಿಎಸ್. ಸಾಕಾ?

ಕಾರಣ ಕೇಳುತ್ತೀರಿ ಅಂತ ಗೊತ್ತು. ಸುಜುಕಿಯವರು ಅದಕ್ಕೂ ಮುಂಚೆ ಟೂ-ಸ್ಟ್ರೋಕ್ ಜನ. 1976ರಲ್ಲಿ ಜಿಎಸ್750 ಬಿಟ್ಟಾಗ ಹೊಸಬರು ಮರ್ಯಾದೆ ಕಳೆದುಕೊಳ್ಳಬಾರದು ಅಂತ ಎಲ್ಲವನ್ನೂ ಒಂದು ಕೈ ಜಾಸ್ತಿಯೇ ಗಟ್ಟಿ ಮಾಡಿದರು ಅನ್ನುವುದು ನನ್ನ ಅಂದಾಜು. ಕ್ರ್ಯಾಂಕ್ ರೋಲರ್ ಬೇರಿಂಗ್ ಮೇಲೆ ಓಡುತ್ತದೆ. ಆಯಿಲ್ ಸ್ವಲ್ಪ ಕಡಿಮೆಯಾದರೂ ರೋಲರ್ ಸಹಿಸುತ್ತದೆ. 1978ರ ಜಿಎಸ್1000 ಕೂಡ ಅದೇ ಮಣ್ಣಿನದು. ಇದರ ಕಾಯಿಲೆ ಅಂದರೆ ಚಾರ್ಜಿಂಗ್: ಸ್ಟೇಟರ್ (ಕರೆಂಟ್ ಹುಟ್ಟಿಸುವ ತಂತಿ ಸುರುಳಿ) ಮತ್ತು ರೆಗ್ಯುಲೇಟರ್ ಸುಟ್ಟುಕೊಳ್ಳುವುದರಲ್ಲಿ ಈ ಗಾಡಿಗಳು ಹೆಸರು ಮಾಡಿವೆ. ಈಗಿನ ಕಾಲದ ರೆಗ್ಯುಲೇಟರ್ ಹಾಕಿ, ಕನೆಕ್ಟರುಗಳನ್ನು ಉಜ್ಜಿ, ಅರ್ತ್ ವೈರನ್ನು ನೇರ ಬ್ಯಾಟರಿಗೆ ಕೊಟ್ಟರೆ ಮುಗಿಯಿತು. ಇದು ವಾರದ ಕೊನೆಯ ಕೆಲಸ, ಇಂಜಿನ್ ಇಳಿಸುವ ಕೆಲಸ ಅಲ್ಲ.

ಕವಾಸಾಕಿ ಝಡ್1 ಬಗ್ಗೆ ಅಭಿಮಾನಿಗಳು ಕೋಪಿಸಿಕೊಳ್ಳಬೇಡಿ. ಕವಾಸಾಕಿಯವರೂ 750 ಫೋರ್ ಮಾಡುತ್ತಿದ್ದರು, ಹೋಂಡಾ ಮೊದಲು ತೋರಿಸಿಬಿಟ್ಟಿತು. ತಡವಾದರೂ ದೊಡ್ಡದೇ ಇರಲಿ ಅಂತ 1972ರಲ್ಲಿ 903 ಸಿಸಿ, ಎರಡು ಕ್ಯಾಮ್, 82 ಹಾರ್ಸ್‌ಪವರ್ ತಂದರು. ಆ ಇಂಜಿನ್ ಕಲ್ಲುಬಂಡೆ. ರೇಸಿನವರು ಅದರಿಂದ ಎಷ್ಟೆಷ್ಟು ಹಿಂಡಿದರೂ ತಡೆದುಕೊಂಡಿತು. ತಡೆದುಕೊಳ್ಳದೆ ಇದ್ದದ್ದು ಫ್ರೇಮು. ಜೋರು ವೇಗದಲ್ಲಿ ಹಾವಿನ ಹಾಗೆ ಬಳುಕುತ್ತದೆ ಅನ್ನುವ ದೂರು ಅಂದಿನಿಂದಲೂ ಇದೆ. ಹಿಂದಿನ ಸ್ವಿಂಗ್‌ಆರ್ಮಿನ ಬುಶ್ ಸವೆದಿದ್ದರಂತೂ ಹೇಳುವುದೇ ಬೇಡ. ಇವತ್ತಿನ ಇನ್ನೊಂದು ತೊಂದರೆ ಅಂದರೆ ಝಡ್1 ಈಗ ಗಾಡಿಯಾಗಿ ಉಳಿದಿಲ್ಲ, ಒಡವೆಯಾಗಿದೆ. ಒಡವೆಯಲ್ಲಿ ನಕಲಿ ಇದ್ದೇ ಇರುತ್ತದೆ. ಮುಂದೆ ಬಂದ ಮಾಡೆಲ್ಲುಗಳಿಗೆ ಝಡ್1ರ ಟ್ಯಾಂಕು, ಬಾಲ ಹಾಕಿ ಮಾರುವವರಿದ್ದಾರೆ. ಫ್ರೇಮ್ ನಂಬರಿನ ಮುಂದಿನ ಅಕ್ಷರಗಳನ್ನು ನೋಡದೆ ಕೈ ಹಾಕಬೇಡಿ.

ಹೋಂಡಾದ್ದು ಹೇಳಿಯಾಯಿತು. ಆದರೆ 1979ರಿಂದ ಬಂದ ಎರಡು ಕ್ಯಾಮಿನ 750, 900 ಬೇರೆ ಜಾತಿ. ಅದರಲ್ಲಿ ಕ್ಯಾಮ್ ಚೈನ್ ಎರಡು, ಟೆನ್ಷನರೂ ಎರಡು. ಸದ್ದು ಕೇಳಿಸಿಕೊಳ್ಳದೆ ಓಡಿಸಿದವರಿಗೆ ದುಬಾರಿಯಾಗಿದೆ. ಟ್ಯೂನಿಂಗ್ ತಲೆನೋವೇ ಬೇಡ ಅನ್ನುವವರಿಗೆ ಅವರದೇ 1984ರ ಸಿಬಿಎಕ್ಸ್750 ಒಳ್ಳೆಯದು. ಹೈಡ್ರಾಲಿಕ್ ಟ್ಯಾಪೆಟ್, ವಾಲ್ವ್ ಸಂದು ಅಳೆಯುವ ಕೆಲಸವೇ ಇಲ್ಲ. ಯಮಹಾ ಎಕ್ಸ್‌ಎಸ್1100 ಚೈನ್ ಬದಲು ಶಾಫ್ಟ್ ಇರುವ ದೊಡ್ಡ ಆನೆ, ಎರಡನೇ ಗೇರ್ ಕಳಚುವ ಚಾಳಿ ಒಂದಿದೆ. ಪರೀಕ್ಷೆ ಓಟದಲ್ಲಿ ಎರಡನೇ ಗೇರಿನಲ್ಲಿ ಚೆನ್ನಾಗಿ ಎಳೆದು ನೋಡಿ.

ಕವಾಸಾಕಿಯ 1984ರ ಜಿಪಿಝಡ್900ಆರ್, ಯಮಹಾದ 1985ರ ಎಫ್‌ಝಡ್750, ಇವು ನೀರಿನಿಂದ ತಣ್ಣಗಾಗುವ ಇಂಜಿನ್ನುಗಳು. ಇಲ್ಲಿ ನೀರಿನ ಪೈಪು, ಪಂಪಿನ ಸೀಲು, ಥರ್ಮೋಸ್ಟಾಟು ಅಂತ ರಬ್ಬರಿನ ಪಟ್ಟಿ ಇನ್ನೂ ಉದ್ದ. ಓಡಿಸಲು ಹಿಂದಿನವಕ್ಕಿಂತ ಎಷ್ಟೋ ಮೇಲು. ಬಿಚ್ಚಲು ಕೂತರೆ ಮೊದಲು ಅರ್ಧ ದಿನ ಪ್ಲಾಸ್ಟಿಕ್ ಕಳಚಬೇಕು, ಅದೂ ಒಂದೂ ಗೂಟ ಮುರಿಯದಂತೆ.

ಪ್ರಶ್ನೆ: ನಮ್ಮ ಯಜಮಾನರು ಎರಡು ವರ್ಷದಿಂದ ಒಂದು ಹಳೆಯ ಫೋರ್ ಇಟ್ಟುಕೊಂಡು ಪ್ರತಿ ಭಾನುವಾರ ಅದರ ಮುಂದೆ ಕೂರುತ್ತಾರೆ. ಈಗಿನ ಗಾಡಿಗಳು ಇದಕ್ಕಿಂತ ಜೋರಾಗಿ ಹೋಗುತ್ತವೆ, ಚೆನ್ನಾಗಿ ನಿಲ್ಲುತ್ತವೆ. ಇದರಲ್ಲಿ ಅಂಥದ್ದೇನಿದೆ? ನಿಜ ಹೇಳಿ.

ಉತ್ತರ: ನೋಡಮ್ಮ, ನೀವು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಬ್ರೇಕಿನ ವಿಷಯದಲ್ಲಂತೂ ನೀವು ಹೇಳಿದ್ದು ಕಡಿಮೆಯೇ. 1970ರ ದಶಕದ ಸ್ಟೇನ್‌ಲೆಸ್ ಸ್ಟೀಲ್ ಡಿಸ್ಕುಗಳು ಮಳೆಯಲ್ಲಿ ನೆನೆದರೆ ಲಿವರ್ ಹಿಡಿದ ಮೇಲೆ ಒಂದು ಕ್ಷಣ ಏನೂ ಆಗುವುದಿಲ್ಲ. ಆ ಒಂದು ಕ್ಷಣ ಬಹಳ ಉದ್ದ. ಬ್ರೇಕ್ ಹೋಸ್, ಪ್ಯಾಡ್ ಬದಲಾಯಿಸಿದ್ದಾರಾ ಅಂತ ಅವರನ್ನು ನೀವೇ ಕೇಳಿ.

ಇನ್ನು ಅಂಥದ್ದೇನಿದೆ ಅಂದರೆ, ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಆ ಇಂಜಿನ್ನಿನಲ್ಲಿ ಎರಡು ಪಿಸ್ಟನ್ ಮೇಲೆ ಹೋದಾಗ ಎರಡು ಕೆಳಗಿರುತ್ತವೆ. ಕ್ರ್ಯಾಂಕ್ ಅರ್ಧ ಸುತ್ತು ತಿರುಗಿದಾಗೆಲ್ಲ ಒಂದು ಸಿಲಿಂಡರ್ ಹೊಡೆಯುತ್ತದೆ, ಒಂದೇ ಅಂತರದಲ್ಲಿ. ನಿಮಿಷಕ್ಕೆ 8,000 ಸುತ್ತಿನಲ್ಲಿ ಸೆಕೆಂಡಿಗೆ 260ಕ್ಕೂ ಮೇಲೆ ಹೊಡೆತ. ಅಷ್ಟು ಹೊತ್ತಿಗೆ ಅವು ಬಿಡಿ ಬಿಡಿಯಾಗಿ ಕೇಳುವುದಿಲ್ಲ, ಒಂದೇ ಸ್ವರವಾಗುತ್ತವೆ. ಒಂಟಿ ಸಿಲಿಂಡರ್ ಮಾತಾಡಿದ ಹಾಗಿದ್ದರೆ ಇದು ಆಲಾಪ ಎಳೆದ ಹಾಗೆ.

ಪೂರ್ತಿ ನಯ ಅಂತಲ್ಲ. ಪಿಸ್ಟನ್ ತನ್ನ ದಾರಿಯ ಮೇಲಿನ ಅರ್ಧದಲ್ಲಿ ಸ್ವಲ್ಪ ಬೇಗ, ಕೆಳಗಿನ ಅರ್ಧದಲ್ಲಿ ಸ್ವಲ್ಪ ನಿಧಾನ ಓಡುತ್ತದೆ. ಮೇಲಿನ ಎರಡು ಕೆಳಗಿನ ಎರಡನ್ನು ಪೂರ್ತಿ ಸರಿದೂಗಿಸುವುದಿಲ್ಲ. ಉಳಿದದ್ದು ಸಣ್ಣ ಜುಮುಜುಮು ಆಗಿ ಹ್ಯಾಂಡಲಿಗೆ ಬರುತ್ತದೆ. ಒಂದು ಗಂಟೆ ಓಡಿಸಿ ಇಳಿದರೆ ಅಂಗೈ ಇನ್ನೂ ಓಡುತ್ತಿರುತ್ತದೆ. ಈಗಿನವರು ಬ್ಯಾಲೆನ್ಸರ್ ಹಾಕಿ ಅದನ್ನು ಅಳಿಸುತ್ತಾರೆ. ಒಳ್ಳೆಯದೇ. ನನಗೆ ಮಾತ್ರ ಆ ಜುಮುಜುಮು ಇಲ್ಲದ ಗಾಡಿ ಯಾರೋ ಬೇರೆಯವರು ಓಡಿಸುತ್ತಿರುವ ಹಾಗೆ ಅನಿಸುತ್ತದೆ.

ಮತ್ತೆ, ಅದರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಗಾಳಿಗೆ ತಣ್ಣಗಾಗುವ ರೆಕ್ಕೆಗಳು, ಸಾಲಾಗಿ ನಾಲ್ಕು ಕಾರ್ಬೊರೇಟರ್, ನಾಲ್ಕು ಪೈಪು. ಹೋಂಡಾ ಸಿಬಿ400 ಎಫ್ ಅಂತ 1975ರಲ್ಲಿ ಬಂತು. ಅದರ ನಾಲ್ಕು ಪೈಪುಗಳೂ ಒಟ್ಟಿಗೆ ಬಲಕ್ಕೆ ಬಾಗಿ ಒಂದಾಗುತ್ತವೆ. ಬರೀ 408 ಸಿಸಿ, ವೇಗ ಹೇಳಿಕೊಳ್ಳುವಂಥದ್ದಲ್ಲ. ಆದರೂ ಅದರ ಎದುರು ಕೂತು ಭಾನುವಾರ ಕಳೆದವನು ನಾನೂ ಹೌದು.

ನನ್ನ ಹೆಂಡತಿಗೆ ಗಾಡಿ ಅಂದರೆ ಆಗದು. ಆದರೂ ಬೆಳಿಗ್ಗೆ ನಾನು ಸ್ಟಾರ್ಟ್ ಮಾಡಿದರೆ ಒಳಗಿನಿಂದಲೇ "ಇವತ್ತು ಮೂರೇ ಹಾಡ್ತಿವೆ" ಅನ್ನುತ್ತಾಳೆ. ಹೋಗಿ ನೋಡಿದರೆ ಒಂದು ಪ್ಲಗ್ ಕ್ಯಾಪ್ ಸಡಿಲ ಇರುತ್ತದೆ. ನನ್ನ ಎಡಗಿವಿ ಮಂದವಾದ ಮೇಲೆ ಟ್ಯೂನಿಂಗಿಗೆ ಅವಳೇ ಬೇಕು. ನೀವೂ ಒಂದು ಭಾನುವಾರ ಪಕ್ಕದಲ್ಲಿ ಕೂತು ಕೇಳಿ. ಇಷ್ಟವಾಗದಿದ್ದರೆ ಬೈಯುವುದಕ್ಕೆ ಸರಿಯಾದ ಕಾರಣವಾದರೂ ಸಿಗುತ್ತದೆ.

ಪ್ರಶ್ನೆ: ಮೀಟರಿನಲ್ಲಿ 92,000 ಕಿ.ಮೀ. ಇದೆ. ಜಾಸ್ತಿ ಆಯಿತಾ?

ಉತ್ತರ: ಬಿಸಿ ಇಂಜಿನ್, ಆಕ್ಸಲರೇಟರ್ ಪೂರ್ತಿ ತೆರೆದು ಕಂಪ್ರೆಶನ್ ಅಳೆಸಿ. ನಾಲ್ಕರ ನಡುವಿನ ವ್ಯತ್ಯಾಸ ಶೇಕಡಾ 10ರೊಳಗಿದ್ದರೆ ಮೀಟರನ್ನು ಮರೆತುಬಿಡಿ. ಅದರಲ್ಲಿ ಐದೇ ಅಂಕಿ ಇದ್ದರೆ ಇನ್ನೊಂದು ಅನುಮಾನ: ಒಂದು ಸುತ್ತು ಆಗಲೇ ಮುಗಿದಿರಬಹುದು.

ಪ್ರಶ್ನೆ: (ಪತ್ರವಿಲ್ಲ. 1100 ಸಿಸಿ ಫೋರ್ ಒಂದರ ಮುರಿದ ಗೇರಿನ ಫೋಟೋ. ಹಿಂದೆ ಒಂದೇ ಸಾಲು: "ಇದೂ ರಬ್ಬರಾ?")

ಉತ್ತರ: ಅಲ್ಲ ಸ್ವಾಮಿ, ಇದು ಕಬ್ಬಿಣ. ಸೋತೆ. ನನ್ನ ಮಾತಿನಲ್ಲಿ ಗೇರ್ ಬಾಕ್ಸ್ ಬಿಟ್ಟುಹೋಗಿತ್ತು. ಕೇಸನ್ನು ಅಡ್ಡಕ್ಕೆ ಸೀಳಿದ್ದನ್ನು ಮೇಲೆ ಅಷ್ಟು ಹೊಗಳಿದೆನಲ್ಲ, ಅದರ ಇನ್ನೊಂದು ಮುಖ ನಿಮ್ಮ ಪಾಲಿಗೆ ಬಂದಿದೆ. ಗೇರುಗಳೂ ಅದೇ ಕೇಸಿನೊಳಗೆ ಇರುವುದರಿಂದ ಒಂದು ಗೇರಿಗಾಗಿ ಇಂಜಿನ್ ಪೂರ್ತಿ ಇಳಿಸಿ ತೆರೆಯಬೇಕು.

ಆದರೆ ಒಂದು ಮಾತು. ಫೋಟೋದಲ್ಲಿ ಗೇರಿನ ಪಕ್ಕದ ಹಲ್ಲುಗಳ ಮೂಲೆ ದುಂಡಗಾಗಿದೆ. ಅದು ಒಂದು ದಿನದಲ್ಲಿ ಆಗುವುದಲ್ಲ. ಮುರಿಯುವ ಎಷ್ಟೋ ಮೊದಲಿನಿಂದ ಗೇರ್ ಕಳಚಿಕೊಳ್ಳುತ್ತಿತ್ತು, ನೀವೋ ಹಿಂದಿನವರೋ ಕಾಲಿನಿಂದ ಒತ್ತಿ ಹಿಡಿದು ಓಡಿಸಿದ್ದೀರಿ. ಅಲ್ವಾ?

ಈಗ ಮುರಿದ ಗೇರ್ ಒಂದನ್ನೇ ಬದಲಾಯಿಸಿ ಮುಚ್ಚಬೇಡಿ. ಅದು ಕಚ್ಚುವ ಎದುರಿನ ಗೇರನ್ನೂ ಹೊಸದು ಹಾಕಿ. ಕೇಸು ತೆರೆದೇ ಇರುವಾಗ ಕ್ಯಾಮ್ ಚೈನ್, ಆಯಿಲ್ ಸೀಲುಗಳನ್ನೂ ಬದಲಾಯಿಸಿಬಿಡಿ, ಮತ್ತೆ ಈ ಕಡೆ ಬರುವ ಕೆಲಸ ಇರುವುದಿಲ್ಲ. ಫೋಟೋದ ಬಲ ಮೂಲೆಯಲ್ಲಿ ಒಂದು ಶಿಫ್ಟರ್ ಫೋರ್ಕ್ ಕಾಣುತ್ತಿದೆ, ಅದರ ಒಂದು ತುದಿ ನೀಲಿಗೆ ತಿರುಗಿದೆ. ಉಜ್ಜಿ ಉಜ್ಜಿ ಕಾದ ಗುರುತು ಅದು. ಅದನ್ನು ಮತ್ತೆ ಹಾಕಬೇಡಿ.